ಮರಿಯ ಹೊಟ್ಟೆಗೆ ಹೆಪ್ಪು

ಈ 'ಹಟ್ಟಿ–ಹಿತ್ತಿಲು' ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಕುಂಡದ ಕರಿಬೇವಿನ ಬಗೆಗೆ, ತುಳಸಿಗೆ ಹತ್ತಿದ ಹುಳದ ಬಗೆಗೆ, ಮಾಳಿಗೆಯ ಮೇಲೆ ಹಬ್ಬಿಸಿದ ಹಾಗಲದ ಬಳ್ಳಿಯ ಬಗೆಗೆ. ಊರು ಬಿಟ್ಟು ಬಂದು ಹೈದರಾಬಾದಿನಲ್ಲಿ ಬಾಡಿಗೆಯ ಮನೆಯನ್ನೋ ಫ್ಲ್ಯಾಟನ್ನೋ ಹಿಡಿದು ನೆಲೆಸಿದ ನಮಗೆ ಹಟ್ಟಿ ಎಲ್ಲಿಯದು, ಹಿತ್ತಿಲು ಎಲ್ಲಿಯದು! ಅವು ಅಂಕಣದ ಹೆಸರಿನಲ್ಲಿ ಮಾತ್ರ ಉಳಿದಿವೆ ಎಂದು ಗೆಳೆಯರು ನಗೆಯಾಡುವುದುಂಟು. ಆದರೆ ಈ ಸಲದ ಪ್ರಶ್ನೆ ಹಟ್ಟಿಯಿಂದಲೇ ಬಂದದ್ದು.

ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಒಂದು ಸಂಜೆ ಕಾರ್ಯಕ್ರಮ ಮುಗಿದು ಎಲ್ಲರೂ ಚಹಾ ಕುಡಿಯುತ್ತ ನಿಂತಿದ್ದೆವು. ಸೋದರಿಯೊಬ್ಬರು ಹತ್ತಿರ ಬಂದು, "ಕಾಕಾ, ಒಂದು ಮಾತು ಕೇಳೂದದ" ಎಂದು ಚೀಲದಿಂದ ಒಂದು ಪೊಟ್ಟಣ ತೆಗೆದು ನನ್ನ ಕೈಯಲ್ಲಿಟ್ಟರು. ಅವರ ತವರು ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿ. ತಮ್ಮ ಇಪ್ಪತ್ತರಷ್ಟು ಕರಿಯ ಆಡುಗಳನ್ನು ಸಾಕಿದ್ದಾನೆ. ಈ ಮಳೆಗಾಲದಲ್ಲಿ ಹುಟ್ಟಿದ ಹನ್ನೊಂದು ಮರಿಗಳಲ್ಲಿ ನಾಲ್ಕು, ತಿಂಗಳು ತುಂಬುವ ಮೊದಲೇ ಭೇದಿಯಾಗಿ ಸತ್ತುಹೋದವು. ಮಗಳ ಶಾಲೆಯ ಫೀಸಿಗೆ ಅವನು ಎಣಿಸಿಟ್ಟುಕೊಂಡದ್ದು ಆ ಮರಿಗಳನ್ನೇ. ಜೀವಾಣುಗಳೂ ಕಿಣ್ವಗಳೂ ಇರುವ ಪುಡಿಯೊಂದು ಹೈದರಾಬಾದಿನಲ್ಲಿ ಸಿಗುತ್ತದೆ, ಅದನ್ನು ತಿನ್ನಿಸಿದರೆ ಮರಿ ಸಾಯುವುದಿಲ್ಲ, ಮೇಲಾಗಿ ಎರಡು ಪಟ್ಟು ಬೆಳೆಯುತ್ತದೆ ಎಂದು ಯಾರೋ ಅವನ ಕಿವಿಯಲ್ಲಿ ಹಾಕಿದ್ದರು. "ಅಕ್ಕಾ, ಬರೂವಾಗ ಅದು ಒಂದು ಕಿಲೋ ತಗೊಂಡು ಬಾ" ಎಂದು ಫೋನು ಮಾಡಿದ್ದ. ಅಕ್ಕ ಅಂಗಡಿಗೆ ಹೋಗಿ ಬೆಲೆ ಕೇಳಿ ಬೆಚ್ಚಿ, ನೂರು ಗ್ರಾಮಿನ ಪೊಟ್ಟಣವನ್ನಷ್ಟೇ ತಂದಿದ್ದರು. "ಇದು ಖರೇನೇ ಕೆಲಸ ಮಾಡ್ತದೇನು?"

ಚಹಾ ಆರುವುದರೊಳಗೆ ಕೊಡಬಹುದಾದ ಉತ್ತರವಲ್ಲ ಅದು. ಬರೆಯುತ್ತೇನೆ ಎಂದು ಮಾತು ಕೊಟ್ಟೆ. ನಮ್ಮಲ್ಲಿ ಬೀದರ, ಕಲಬುರಗಿ, ರಾಯಚೂರಿನ ಕಡೆ ಹೊಲ–ಹಟ್ಟಿ ಇಟ್ಟುಕೊಂಡ ಮನೆಗಳು ಇನ್ನೂ ಅನೇಕ ಇರುವುದರಿಂದ ಇದು ಒಬ್ಬರ ಪ್ರಶ್ನೆಯಲ್ಲ. ಮೈಸೂರಿನ ಕಡೆಯ ಓದುಗರು ಆಡು ಎಂದಿರುವಲ್ಲೆಲ್ಲ ಮೇಕೆ ಎಂದು ಓದಿಕೊಳ್ಳಬೇಕು. ಪ್ರಾಣಿ ಒಂದೇ, ಇಬ್ಬರ ಬೇಲಿಯನ್ನೂ ಅದು ಒಂದೇ ರೀತಿ ಮೇಯುತ್ತದೆ.

ಪೊಟ್ಟಣದ ಮಾತಿಗೆ ಬರುವ ಮೊದಲು ಮರಿಯ ಹೊಟ್ಟೆಯ ಮಾತು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಆ ಸೊಪ್ಪನ್ನು ಅರಗಿಸುವುದು ಆಡಲ್ಲ. ಅದರ ಹೊಟ್ಟೆಯಲ್ಲಿ ಮನೆ ಮಾಡಿಕೊಂಡಿರುವ, ಕಣ್ಣಿಗೆ ಕಾಣದ ಕೋಟ್ಯಂತರ ಜೀವಾಣುಗಳು. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳುಂಟು. ಬೆಳೆದ ಆಡಿನಲ್ಲಿ ಮೊದಲನೆಯದೇ ಎಲ್ಲಕ್ಕಿಂತ ದೊಡ್ಡದು. ಅದನ್ನು ರೂಮೆನ್ ಎನ್ನುತ್ತಾರೆ. ನಾವು ದೊಡ್ಡಹೊಟ್ಟೆ ಎಂದು ಕರೆಯೋಣ. ಹಿಟ್ಟು ಹುಳಿಯಲು ಇಟ್ಟ ಪಾತ್ರೆಯ ಹಾಗೆ ಅದು ಸದಾ ಬೆಚ್ಚಗೆ ಹುದುಗುತ್ತಿರುತ್ತದೆ. ಕಣಿಕೆಯ ನಾರು, ಜಾಲಿಯ ಎಲೆ, ತೊಗರಿಯ ಹೊಟ್ಟು ಇವೆಲ್ಲ ಅಲ್ಲಿ ಕೊಳೆತು ಆಡಿಗೆ ಆಹಾರವಾಗುತ್ತವೆ. ನಾಲ್ಕನೆಯ ಕೋಣೆ ಮಾತ್ರ ನಮ್ಮ ನಿಮ್ಮ ಹೊಟ್ಟೆಯಂಥದು. ಆಮ್ಲವೂ ಪಾಚಕರಸವೂ ಅಲ್ಲಿ ಇರುತ್ತವೆ.

ಆಗತಾನೆ ಹುಟ್ಟಿದ ಮರಿಯಲ್ಲಿ ಈ ಲೆಕ್ಕ ತಿರುಗುಮುರುಗು. ನಾಲ್ಕನೆಯ ಕೋಣೆಯೇ ದೊಡ್ಡದು, ದೊಡ್ಡಹೊಟ್ಟೆ ಖಾಲಿಯಾದ ಮುದುಡಿದ ಸಣ್ಣ ಚೀಲ. ಮರಿ ಕೆಚ್ಚಲಿಗೆ ಬಾಯಿ ಹಾಕಿ ಚೀಪಿದೊಡನೆ ಗಂಟಲ ಕೆಳಗಿನ ಒಂದು ಮಡಿಕೆ ಕೊಳವೆಯಂತೆ ಮುಚ್ಚಿಕೊಂಡು, ಹಾಲು ದೊಡ್ಡಹೊಟ್ಟೆಗೆ ಬೀಳದೆ ನೇರವಾಗಿ ನಾಲ್ಕನೆಯ ಕೋಣೆಗೆ ಇಳಿಯುತ್ತದೆ. ಅಲ್ಲಿ ಕೈಮೋಸಿನ್ ಎಂಬ ಕಿಣ್ವ ಹಾಲನ್ನು ಗಟ್ಟಿಗೊಳಿಸುತ್ತದೆ. ಹಾಲನ್ನು ಗಿಣ್ಣಾಗಿ ಒಡೆಸಲು ಚೀಸು ಮಾಡುವವರು ಹಿಂದಿನಿಂದ ಕರುವಿನ, ಆಡುಮರಿಯ ಹೊಟ್ಟೆಯಿಂದ ತೆಗೆದುಕೊಳ್ಳುತ್ತಿದ್ದ ವಸ್ತು ಇದೇ. ಮರಿಗೆ ಬೇಕಾದ ಕಿಣ್ವವನ್ನು ದೇವರು ಮರಿಯ ಹೊಟ್ಟೆಯಲ್ಲೇ ಇಟ್ಟು ಕಳಿಸಿದ್ದಾನೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ದೊಡ್ಡಹೊಟ್ಟೆಗೆ ಜೀವಾಣುಗಳು ಎಲ್ಲಿಂದ ಬರುತ್ತವೆ? ನಮ್ಮ ತಾಯಂದಿರಿಗೆ ಇದನ್ನು ವಿವರಿಸುವುದು ಸುಲಭ. ಹಾಲಿಗೆ ಹೆಪ್ಪು ಹಾಕದೆ ಮೊಸರಾಗುವುದಿಲ್ಲ. ಮರಿಯ ದೊಡ್ಡಹೊಟ್ಟೆಗೂ ಯಾರಾದರೂ ಹೆಪ್ಪು ಹಾಕಬೇಕು, ಹಾಕುವವಳು ತಾಯಿ. ಈದ ಕೂಡಲೆ ಮರಿಯ ಮೈ ನೆಕ್ಕುವಾಗ, ಮರಿ ಮೊಲೆಯನ್ನು ಹುಡುಕುತ್ತ ಅವಳ ಹೊಟ್ಟೆಯ ಕೂದಲನ್ನು ಚೀಪುವಾಗ, ಅವಳು ಕಚ್ಚಿ ಬಿಟ್ಟ ಎಲೆಯನ್ನು ಮೂಸಿ ಕಡಿಯುವಾಗ, ಅವಳ ಜೊಲ್ಲಿನಿಂದ ಈ ಹೆಪ್ಪು ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ದೊಡ್ಡ ಆಡುಗಳ ಸಂಗವೇ ಇಲ್ಲದೆ ಪ್ರತ್ಯೇಕವಾಗಿ ಬೆಳೆಸಿದ ಮರಿಗಳ ದೊಡ್ಡಹೊಟ್ಟೆಯಲ್ಲಿ ಪ್ರೋಟೋಜೋವಾ ಎಂಬ ಬಗೆಯ ಜೀವಿಗಳು ನೆಲೆಗೊಳ್ಳುವುದೇ ಇಲ್ಲವೆಂದು ಪರೀಕ್ಷೆಗಳಲ್ಲಿ ಕಂಡಿದ್ದಾರೆ. ಎರಡು ಮೂರು ವಾರಕ್ಕೆ ಮರಿ ಮೆಲುಕಾಡಿಸಲು ತೊಡಗುತ್ತದೆ. ಎರಡು ತಿಂಗಳ ಹೊತ್ತಿಗೆ ದೊಡ್ಡಹೊಟ್ಟೆ ತಕ್ಕಮಟ್ಟಿಗೆ ಸಂಸಾರ ಹೂಡಿರುತ್ತದೆ. ನಡುವಿನ ಈ ಎಂಟು ವಾರಗಳೇ ಮರಿಯ ಗಂಡಾಂತರದ ಕಾಲ.

ಆ ಸೋದರಿಯ ತಮ್ಮನಿಗೆ ಫೋನು ಮಾಡಿಸಿ ವಿಚಾರಿಸಿದೆ. ಸತ್ತ ನಾಲ್ಕರಲ್ಲಿ ಮೂರು ಅವಳಿಗಳಲ್ಲಿ ಸಣ್ಣವು. ಉಸ್ಮಾನಾಬಾದಿ ಜಾತಿಯ ನಮ್ಮ ಕಡೆಯ ಕರಿಯ ಆಡುಗಳು ಅವಳಿ ಈಯುವುದರಲ್ಲಿ ಹೆಸರಾದವು, ಅದೇ ಅವುಗಳ ಗುಣ. ಆದರೆ ಎರಡರಲ್ಲಿ ಬಲವಾದದ್ದು ಮೊದಲು ಕುಡಿದುಬಿಡುತ್ತದೆ. ಮಳೆಯ ರಾತ್ರಿಗಳಲ್ಲಿ ಈದವುಗಳ ಮರಿ ಮೊದಲ ಹಾಲನ್ನು ಕುಡಿಯಿತೋ ಇಲ್ಲವೋ ಯಾರೂ ನೋಡಿರಲಿಲ್ಲ. ಬೆಳಿಗ್ಗೆ ನೋಡಿದಾಗ ಒಂದು ಕುಣಿಯುತ್ತಿತ್ತು, ಇನ್ನೊಂದು ಮೂಲೆಯಲ್ಲಿ ನಡುಗುತ್ತಿತ್ತು.

ಇಲ್ಲಿಯೇ ವಿಷಯದ ಗಂಟು ಇರುವುದು. ಮನುಷ್ಯರ ಕೂಸು ತಾಯಿಯ ಗರ್ಭದಲ್ಲಿದ್ದಾಗಲೇ ಅವಳ ರಕ್ತದಿಂದ ರೋಗನಿರೋಧಕ ಶಕ್ತಿಯ ಒಂದು ಪಾಲನ್ನು ಪಡೆದು ಹುಟ್ಟುತ್ತದೆ. ಆಡಿನ ಗರ್ಭದಲ್ಲಿ ಅದಕ್ಕೆ ದಾರಿ ಇಲ್ಲ. ಮರಿ ಬರಿಗೈಯಲ್ಲಿ ಹುಟ್ಟುತ್ತದೆ. ಅದರ ಪಾಲೆಲ್ಲ ಗಿಣ್ಣದ ಹಾಲಿನಲ್ಲಿರುತ್ತದೆ. ಆ ಹಾಲಿನ ರಕ್ಷಕವಸ್ತುವನ್ನು ಕರುಳಿನಿಂದ ರಕ್ತಕ್ಕೆ ಸೇರಿಸಿಕೊಳ್ಳುವ ಬಾಗಿಲು ಹುಟ್ಟಿದ ಮೊದಲ ಕೆಲವು ತಾಸು ಅಗಲವಾಗಿ ತೆರೆದಿದ್ದು, ಸುಮಾರು ಒಂದು ದಿನದೊಳಗೆ ಮುಚ್ಚಿಹೋಗುತ್ತದೆ. ಎರಡು ಕಿಲೋ ತೂಕದ ಮರಿಗೆ ಮೊದಲ ದಿನ ಕಡಿಮೆಯೆಂದರೆ 200 ಮಿಲಿಲೀಟರು, ಅದರಲ್ಲಿಯೂ ಮೊದಲ ಗುಟುಕು ಒಂದೆರಡು ತಾಸಿನೊಳಗೆ ಹೊಟ್ಟೆ ಸೇರಬೇಕು. ಈ ಬಾಗಿಲು ಮುಚ್ಚಿದ ಮೇಲೆ ಹೈದರಾಬಾದಿನಿಂದಲ್ಲ, ಅಮೆರಿಕೆಯಿಂದ ಪುಡಿ ತರಿಸಿದರೂ ಆ ಸಾಲ ತೀರುವುದಿಲ್ಲ.

ಇನ್ನು ಪೊಟ್ಟಣ. ಅದರ ಮೇಲೆ ಎರಡು ಬಗೆಯ ಪದಾರ್ಥಗಳ ಹೆಸರಿದ್ದವು: ಒಂದು ಪ್ರೋಬಯಾಟಿಕ್, ಎಂದರೆ ಜೀವಂತವಾಗಿರುವ ಉಪಕಾರಿ ಜೀವಾಣುಗಳು, ಇನ್ನೊಂದು ಎನ್‌ಜೈಮು, ಎಂದರೆ ಕಿಣ್ವಗಳು. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮಾರುವುದು ವಾಡಿಕೆಯಾಗಿದ್ದರೂ ಇವು ಬೇರೆ ಬೇರೆ.

ಜೀವಾಣುಗಳ ಕಲ್ಪನೆ ಹೊಸದಲ್ಲ. ಬಲ್ಗೇರಿಯದ ಸ್ಟಾಮೆನ್ ಗ್ರಿಗೊರೊವ್ 1905ರಲ್ಲಿ ತನ್ನ ದೇಶದ ಮೊಸರಿನಲ್ಲಿದ್ದ ಜೀವಾಣುವನ್ನು ಗುರುತಿಸಿದ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಮೆಚ್ನಿಕಾಫ್ (1908ರಲ್ಲಿ ನೊಬೆಲ್ ಪಾರಿತೋಷಕ ಪಡೆದವನು, ಬೇರೆ ಕೆಲಸಕ್ಕಾಗಿ) ಹುಳಿಹಾಲು ಕುಡಿಯುವವರು ದೀರ್ಘಾಯುಗಳಾಗುತ್ತಾರೆಂದು ಸಾರಿದ. ಊಟದ ಕೊನೆಗೆ ಮಜ್ಜಿಗೆ ಇಲ್ಲದೆ ಕೈ ತೊಳೆಯದ ನಮ್ಮ ಅಜ್ಜಂದಿರಿಗೆ ಇದನ್ನು ಹೇಳಿದ್ದರೆ ಅವರು ಸುಮ್ಮನೆ ನಕ್ಕಿರುತ್ತಿದ್ದರು.

ಆದರೆ ಈ ವಿಚಾರ ಕೊಟ್ಟಿಗೆಗೆ ಬಂದುದು ತಡವಾಗಿ, ಅದೂ ಒಂದು ಸುತ್ತುದಾರಿಯಿಂದ. ಆ ದಾರಿಯಲ್ಲಿ ಒಬ್ಬ ತೆಲುಗು ಮಹನೀಯರು ನಿಂತಿದ್ದಾರೆ. ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕೆಯ ಲೆಡರ್ಲಿ ಪ್ರಯೋಗಾಲಯದಲ್ಲಿ ಸಂಶೋಧನೆಯ ಹೊಣೆ ಹೊತ್ತಿದ್ದ ಕಾಲದಲ್ಲಿ, ಬೆಂಜಮಿನ್ ಡಗ್ಗರ್ ಅಲ್ಲಿ ಮಣ್ಣಿನ ಜೀವಾಣುವೊಂದರಿಂದ ಆರಿಯೋಮೈಸಿನ್ ಎಂಬ ಆ್ಯಂಟಿಬಯಾಟಿಕ್ಕನ್ನು ಪಡೆದ. ಅದು ಲೋಕಕ್ಕೆ ಪ್ರಕಟವಾದದ್ದು 1948ರಲ್ಲಿ. ಸುಬ್ಬರಾವ್ ತೀರಿಕೊಂಡದ್ದೂ ಅದೇ ವರ್ಷ. ಔಷಧ ತೆಗೆದು ಉಳಿದ ಚರಟವನ್ನು ಕೋಳಿಮರಿಗಳಿಗೆ ತಿನ್ನಿಸಿ ನೋಡಿದಾಗ ಅವು ಬೇಗ ಬೆಳೆದುವೆಂದು ಅಲ್ಲಿಯವರೇ ಆದ ಜೂಕ್ಸ್ ಮತ್ತು ಸ್ಟಾಕ್‌ಸ್ಟಾಡ್ ಕಂಡರು. ಅಷ್ಟಾದದ್ದೇ ತಡ, ರೋಗವಿಲ್ಲದ ಪ್ರಾಣಿಗಳ ಮೇವಿಗೂ ಆ್ಯಂಟಿಬಯಾಟಿಕ್ ಬೆರೆಸುವ ರೂಢಿ ಹಲವು ದೇಶಗಳಿಗೆ ಹಬ್ಬಿತು. ಅದರ ಫಲವೇನೆಂದರೆ ಔಷಧಕ್ಕೆ ಬಗ್ಗದ ರೋಗಾಣುಗಳು ಹುಟ್ಟಿಕೊಂಡವು. ಯೂರೋಪಿನ ಒಕ್ಕೂಟ, ಬೆಳವಣಿಗೆಗಾಗಿ ಮೇವಿನಲ್ಲಿ ಆ್ಯಂಟಿಬಯಾಟಿಕ್ ಬೆರೆಸುವುದನ್ನು 2006ರ ಜನವರಿ 1ರಿಂದ ನಿಲ್ಲಿಸಿತು. ನಮ್ಮ ಸರ್ಕಾರ 2019ರಲ್ಲಿ ಕಾಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ನಿಷೇಧಿಸಿತು. ಹೀಗೆ ತೆರವಾದ ಜಾಗಕ್ಕೆ ಬಂದು ಕುಳಿತದ್ದೇ ಈ ಜೀವಾಣುಗಳ ಪುಡಿ.

ಜೀವಾಣುಗಳನ್ನು ಹೊಟ್ಟೆಗೆ ಕೊಡುವುದರಿಂದ ಉಪಯೋಗವೇ ಇಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಒಪ್ಪದಿರಲು ಕಾರಣ ಆಡುಗಳ ಚರಿತ್ರೆಯಲ್ಲಿಯೇ ಇದೆ. ನಮ್ಮ ಹೊಲಗಳ ಬದುವಿನಲ್ಲಿ ಸುಬಾಬುಲ್ ಗಿಡವನ್ನು ನೀವು ನೋಡಿದ್ದೀರಿ. ಬೇಗ ಬೆಳೆಯುವ, ಬೇಳೆಯಷ್ಟೇ ಸತ್ವವುಳ್ಳ ಮೇವು. ಆದರೆ ಅದರಲ್ಲಿ ಮೈಮೋಸಿನ್ ಎಂಬ ವಿಷವೂ ಉಂಟು. ಹೆಚ್ಚು ತಿಂದರೆ ಕೂದಲು ಉದುರುತ್ತದೆ, ಗಂಟಲಲ್ಲಿ ಗಳಗಂಡ ಏಳುತ್ತದೆ, ಮೈ ಇಳಿಯುತ್ತದೆ. ಆಸ್ಟ್ರೇಲಿಯದಲ್ಲಿ ಈ ಗಿಡವನ್ನು ಮೇಯ್ದ ದನಗಳೂ ಆಡುಗಳೂ ಹೀಗೆ ನರಳುತ್ತಿದ್ದವು. ಆದರೆ ಹವಾಯಿ ದ್ವೀಪದ ಆಡುಗಳು ಅದನ್ನೇ ಹೊಟ್ಟೆತುಂಬ ತಿಂದು ಆರಾಮವಾಗಿದ್ದವು! ರೇಮಂಡ್ ಜೋನ್ಸ್ ಎಂಬ ಆಸ್ಟ್ರೇಲಿಯದ ವಿಜ್ಞಾನಿ 1980ರ ದಶಕದ ಆರಂಭದಲ್ಲಿ ಈ ಒಗಟಿಗೆ ಕೈ ಹಾಕಿದರು. ಬೇರೆಯಾದದ್ದು ಆಡಿನ ಜಾತಿಯಲ್ಲ, ಗಿಡದ ಜಾತಿಯೂ ಅಲ್ಲ; ಹವಾಯಿಯ ಆಡುಗಳ ದೊಡ್ಡಹೊಟ್ಟೆಯಲ್ಲಿ ಆ ವಿಷವನ್ನು ಮುರಿಯಬಲ್ಲ ಜೀವಾಣುವೊಂದು ನೆಲೆಸಿತ್ತು, ಆಸ್ಟ್ರೇಲಿಯದ ಪ್ರಾಣಿಗಳಲ್ಲಿ ಅದು ಇರಲಿಲ್ಲ. ಹವಾಯಿಯ ಆಡಿನ ಹೊಟ್ಟೆಯ ಜೀವಾಣುಗಳನ್ನು ತಂದು ಆಸ್ಟ್ರೇಲಿಯದ ಪ್ರಾಣಿಗಳ ಹೊಟ್ಟೆಗೆ ಬಿಟ್ಟರು. ಅವೂ ಸುಬಾಬುಲ್ ತಿಂದು ಅರಗಿಸಿಕೊಂಡವು. ಜೋನ್ಸ್ ಮತ್ತು ಅವರ ಜೊತೆಗಾರರು ಈ ಫಲಿತಾಂಶವನ್ನು 1986ರಲ್ಲಿ ಪ್ರಕಟಿಸಿದರು. 1992ರಲ್ಲಿ ಆ ಜೀವಾಣುವಿಗೆ ಅವರ ಹೆಸರನ್ನೇ ಸೇರಿಸಿ ಸಿನರ್ಜಿಸ್ಟಿಸ್ ಜೋನ್ಸಿಯೈ ಎಂದು ನಾಮಕರಣವಾಯಿತು. ಒಂದು ಊರಿನ ಹೆಪ್ಪನ್ನು ಕಡಲು ದಾಟಿಸಿ ಇನ್ನೊಂದು ಊರಿನಲ್ಲಿ ಮೊಸರು ಮಾಡಿದ ಹಾಗೆ! ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಗಳು ತವರಿನಿಂದ ಮೊಸರು ತಂದು ಹೆಪ್ಪಿಗಿಡುವುದನ್ನು ನೋಡಿದ ನಮಗೆ ಇದೇನು ಅಪರೂಪವಲ್ಲ.

ಈ ಕಥೆಯನ್ನು ನಾನು ಬರಿಯ ಬೆರಗಿಗಾಗಿ ಹೇಳಲಿಲ್ಲ. ಅಲ್ಲಿ ಜೀವಾಣು ಗೆದ್ದದ್ದು ಏಕೆಂದರೆ ಇಲ್ಲದ ಒಂದು ಜೀವಾಣುವನ್ನು, ಅದಕ್ಕೆ ಒಪ್ಪುವ ಜಾಗದಲ್ಲಿ, ಅದಕ್ಕೇ ಬೇಕಾದ ಕೆಲಸಕ್ಕೆ ತಂದಿಟ್ಟರು. ನಮ್ಮ ಪೊಟ್ಟಣದ ಪುಡಿಗೂ ಇದೇ ಪ್ರಶ್ನೆಯನ್ನು ಕೇಳಬೇಕು. ಈ ಮರಿಯ ಹೊಟ್ಟೆಯಲ್ಲಿ ಏನು ಕಡಿಮೆಯಾಗಿದೆ?

ತಾಯಿಯ ಹಾಲು ಕುಡಿಯುತ್ತ, ಹಿಂಡಿನ ನಡುವೆ, ಒಣಗಿದ ನೆಲದ ಮೇಲೆ ಆಡಿಕೊಂಡಿರುವ ಮರಿಗೆ ಕಡಿಮೆಯಾದದ್ದು ಏನೂ ಇಲ್ಲ. ಅಂಥ ಮರಿಗೆ ಪುಡಿ ಹಾಕುವುದು, ಆಗಲೇ ಗಟ್ಟಿಯಾಗಿ ಕುಳಿತ ಮೊಸರಿಗೆ ಮತ್ತೆ ಹೆಪ್ಪು ಹಾಕಿದಂತೆ. ಆಡುಮರಿಗಳ ಮೇಲೆ ನಡೆದ ಪರೀಕ್ಷೆಗಳ ಫಲವೂ ಒಂದೇ ತೆರನಾಗಿಲ್ಲ. ಕೆಲವೆಡೆ ಭೇದಿ ಕಡಿಮೆಯಾಗಿ ತೂಕ ಏರಿದೆ, ಕೆಲವೆಡೆ ಏನೂ ವ್ಯತ್ಯಾಸ ಕಂಡಿಲ್ಲ. ಒಟ್ಟಿನಲ್ಲಿ ನೋಡಿದರೆ, ಕಷ್ಟದಲ್ಲಿರುವ ಮರಿಗೇ ಅದರ ಪ್ರಯೋಜನ ಹೆಚ್ಚು. ತಾಯಿ ಸತ್ತೋ ಒಲ್ಲದೆಯೋ ಬಾಟಲಿಯ ಹಾಲಿನಲ್ಲಿ ಬೆಳೆಯುವ ಮರಿ. ಸಂತೆಯಿಂದ ಲಾರಿಯಲ್ಲಿ ಹಸಿದು ಬಂದ ಮರಿ. ಹಾಲು ಬಿಡಿಸುವ ವಾರ, ಮೇವು ಬದಲಾಗುವ ವಾರ. ವೈದ್ಯರು ಆ್ಯಂಟಿಬಯಾಟಿಕ್ ಕೊಟ್ಟು ಮುಗಿಸಿದ ಮೇಲಿನ ದಿನಗಳು. ಈ ಸಂದರ್ಭಗಳಲ್ಲಿ ಹೊಟ್ಟೆಯ ಒಳ್ಳೆಯ ಒಕ್ಕಲು ಚದುರಿಹೋಗಿರುತ್ತದೆ. ಹೊರಗಿನಿಂದ ಬಂದ ಲ್ಯಾಕ್ಟೋಬ್ಯಾಸಿಲಸ್ ಮೊದಲಾದವು ಹುಳಿಯನ್ನು ಉಂಟುಮಾಡಿ, ಜಾಗ ಹಿಡಿದು, ಕೆಟ್ಟ ರೋಗಾಣುಗಳು ಬೇರೂರದಂತೆ ಕೆಲವು ದಿನ ಕಾವಲಿರಬಲ್ಲವು. ಕೆಲವು ದಿನ ಮಾತ್ರ. ಅವು ಅಲ್ಲಿ ಶಾಶ್ವತವಾಗಿ ಒಕ್ಕಲಾಗುವುದು ಅಪರೂಪ, ಆದ್ದರಿಂದಲೇ ದಿನವೂ ಕೊಡಬೇಕಾಗುತ್ತದೆ.

ಕಿಣ್ವಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಬಿಗಿಯಾಗಿದೆ. ನಾರನ್ನು ಮುರಿಯುವ ಸೆಲ್ಯುಲೇಸ್, ಜೈಲನೇಸ್, ಕಾಳಿನ ರಂಜಕವನ್ನು ಬಿಡಿಸುವ ಫೈಟೇಸ್, ಇವು ಕೋಳಿಯ ಮೇವಿನಲ್ಲಿ ನಿಜವಾಗಿಯೂ ಕೆಲಸಕ್ಕೆ ಬರುತ್ತವೆ. ಏಕೆಂದರೆ ಕೋಳಿಗೆ ಅವನ್ನು ಹುಟ್ಟಿಸಿಕೊಡುವ ದೊಡ್ಡಹೊಟ್ಟೆ ಇಲ್ಲ. ಆಡಿನ ದೊಡ್ಡಹೊಟ್ಟೆಯಲ್ಲಿ ಜೀವಾಣುಗಳು ಈ ಕಿಣ್ವಗಳನ್ನು ಹಗಲೂ ರಾತ್ರಿ ತಯಾರಿಸುತ್ತಿರುತ್ತವೆ. ಮೂರು ವಾರದ ಒಳಗಿನ ಮರಿಗೆ ಹಾಲೇ ಆಹಾರ. ಹಾಲನ್ನು ಅರಗಿಸುವ ಕಿಣ್ವಗಳು ಅದರ ಹೊಟ್ಟೆಯಲ್ಲೇ ಇರುವುದನ್ನು ಮೊದಲೇ ಹೇಳಿದೆ. ಅದಕ್ಕೆ ಇಲ್ಲದಿರುವುದು ಪಿಷ್ಟವನ್ನು ಚೆನ್ನಾಗಿ ಅರಗಿಸುವ ಶಕ್ತಿ. ಆದ್ದರಿಂದ ಹಾಲು ಸಾಲದೆಂದು ಎಳೆಯ ಮರಿಗೆ ಅನ್ನದ ಗಂಜಿ, ಜೋಳದ ಅಂಬಲಿ ಕುಡಿಸಬಾರದು. ಗಂಜಿಯನ್ನು ಕುಡಿಸಿ, ಅದು ಅರಗಲೆಂದು ಕಿಣ್ವದ ಪುಡಿಯನ್ನು ಕೊಂಡು ತರುವುದಕ್ಕಿಂತ ಅದೇ ದುಡ್ಡಿಗೆ ಎಮ್ಮೆಯದೋ ಆಕಳದೋ ಹಾಲು ಕೊಳ್ಳುವುದು ಮೇಲು. ಎಮ್ಮೆಯ ಹಾಲಾದರೆ ಕೊಬ್ಬು ಹೆಚ್ಚು, ಸ್ವಲ್ಪ ನೀರು ಬೆರೆಸಬೇಕು.

ಈ ಬುದ್ಧಿಯನ್ನು ನಾನು ಪುಸ್ತಕದಿಂದಷ್ಟೇ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಊರ ಮನೆಯಲ್ಲಿ ಮೂರು ಮರಿಗಳಿಗೆ ಭೇದಿ ಹತ್ತಿತು. ನಾನು ಹಬ್ಬಕ್ಕೆ ಹೋದವನು, ಓದಿದವನೆಂಬ ಗತ್ತು ಬೇರೆ. ಪಟ್ಟಣದ ಒಂದು ಅಂಗಡಿಯಿಂದ ಜೀವಾಣುಗಳ ಪುಡಿ ತಂದೆ. ಅಂಗಡಿಯ ಗಾಜಿನ ಕಪಾಟಿಗೆ ಮಧ್ಯಾಹ್ನದ ಬಿಸಿಲು ನೇರವಾಗಿ ಬಡಿಯುತ್ತಿತ್ತು, ನಾನು ನೋಡಿಯೂ ನೋಡಲಿಲ್ಲ. ಕುದಿಸಿ ಇಳಿಸಿದ ಹಾಲಿಗೆ ಪುಡಿಯನ್ನು ಬೆರೆಸಿದೆ. ಅದರ ಜೊತೆಗೆ, ಹಿಂದೊಮ್ಮೆ ಆಡಿಗೆ ತಂದು ಉಳಿದಿದ್ದ ಆ್ಯಂಟಿಬಯಾಟಿಕ್ ದ್ರವವನ್ನೂ ಎರಡೆರಡು ಚಮಚ ಹಾಕಿದೆ. ಎರಡು ಔಷಧ ಒಂದಕ್ಕಿಂತ ಮೇಲು ಎಂಬ ಲೆಕ್ಕ! ಮೂರನೆಯ ದಿನಕ್ಕೆ ಎರಡು ಮರಿ ಸತ್ತವು. ಪುಡಿ ಖೊಟ್ಟಿ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ನಮ್ಮ ಕಡೆಯ ಪಶುವೈದ್ಯರು ಎಲ್ಲವನ್ನೂ ಕೇಳಿಕೊಂಡು, "ಮುಂಜಾನೆ ಬಿತ್ತಿದ್ರಿ, ಸಂಜೀಕ ನೀವೇ ಹರಗಿದ್ರಿ. ಇನ್ನ ಬೆಳೆ ಎಲ್ಲಿಂದ ಬರಬೇಕು?" ಎಂದರು. ಸುಡುವ ಹಾಲಿನಲ್ಲಿ ಅರ್ಧ ಜೀವಾಣುಗಳು ಸತ್ತಿದ್ದವು. ಉಳಿದವನ್ನು ಆ್ಯಂಟಿಬಯಾಟಿಕ್ ಮುಗಿಸಿತ್ತು. ಮರಿಗಳು ಸತ್ತದ್ದು ಅವೆರಡರಿಂದಲೂ ಅಲ್ಲ, ಮೈಯೊಳಗಿನ ನೀರು ಬತ್ತಿದ್ದರಿಂದ. ನೀರು ಕುಡಿಸುವ ಯೋಚನೆಯೇ ನನಗೆ ಬಂದಿರಲಿಲ್ಲ.

ಭೇದಿಯಾದ ಮರಿಗೆ ಮೊದಲು ಬೇಕಾದದ್ದು ನೀರು, ಉಪ್ಪು, ಸಕ್ಕರೆ. ನಮ್ಮ ಮಕ್ಕಳಿಗೆ ಕೊಡುವ ಓ.ಆರ್.ಎಸ್. ಪೊಟ್ಟಣವನ್ನೇ ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ, ಬೆಚ್ಚಗೆ ಮಾಡಿ, ಹಾಲಿನ ನಡುನಡುವೆ ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ಹಾಲನ್ನು ಪೂರ್ತಿ ನಿಲ್ಲಿಸಿ ಉಪವಾಸ ಕೆಡವಬಾರದು. ಮರಿಯ ಬಾಯೊಳಗೆ ಬೆರಳಿಟ್ಟಾಗ ತಣ್ಣಗಿದ್ದರೆ ಮೊದಲು ಗೋಣಿಚೀಲ, ಬೆಂಕಿಯ ಕಾವು, ಆಮೇಲೆ ಹಾಲು. ತಣ್ಣಗಾದ ಮರಿಗೆ ಕುಡಿಸಿದ್ದು ಅರಗುವುದಿಲ್ಲ, ಉಸಿರಿನ ದಾರಿಗೂ ಹೋಗಬಹುದು. ಕಣ್ಣು ಒಳಗಿಳಿದಿದ್ದರೆ, ಎದ್ದು ನಿಲ್ಲಲಾರದಿದ್ದರೆ, ಹಿಕ್ಕೆಯಲ್ಲಿ ರಕ್ತ ಕಂಡರೆ, ಅಂಕಣ ಓದುತ್ತ ಕೂಡದೆ ವೈದ್ಯರನ್ನು ಕರೆಸಬೇಕು. ಮೂರು ವಾರ ದಾಟಿದ ಮರಿಗಳ ಭೇದಿಗೆ ಕಾಕ್ಸಿಡಿಯ ಎಂಬ ಕ್ರಿಮಿ ಹಲವು ಸಲ ಕಾರಣ. ಅದಕ್ಕೆ ಬೇರೆಯೇ ಔಷಧವುಂಟು, ಯಾವ ಹೆಪ್ಪಿಗೂ ಅದು ಜಗ್ಗುವುದಿಲ್ಲ. ಒದ್ದೆ ನೆಲವೇ ಅದರ ತವರುಮನೆ.

ಪುಡಿಯನ್ನು ಕೊಳ್ಳಲೇಬೇಕಾದರೆ ಚೀಟಿಯನ್ನು ಓದಿ ಕೊಳ್ಳಿರಿ. ಯಾವ ಜೀವಾಣು ಎಂಬ ಹೆಸರಿರಬೇಕು. ಬರಿಯ 'ಉಪಕಾರಿ ಜೀವಾಣುಗಳು' ಎಂದರೆ ಸಾಲದು. ಒಂದು ಗ್ರಾಮಿನಲ್ಲಿ ಜೀವಂತವಾದವು ಎಷ್ಟೆಂಬ ಸಂಖ್ಯೆ ಇರಬೇಕು, ಅದನ್ನು ಸಿ.ಎಫ್.ಯು. ಎಂದು ಬರೆದಿರುತ್ತಾರೆ, ನೂರು ಕೋಟಿ ಎಂದಿದ್ದರೆ ಬೆರಗಾಗಬೇಡಿ, ಇದು ಅಂಥದೇ ಲೋಕ. ಯಾವ ಪ್ರಾಣಿಗೆಂದು ತಯಾರಿಸಿದ್ದು, ತಾರೀಖು ಯಾವುದು, ಎಷ್ಟು ತಂಪಿನಲ್ಲಿ ಇಡಬೇಕು, ಇವನ್ನೂ ನೋಡಬೇಕು. ಬ್ಯಾಸಿಲಸ್ ಜಾತಿಯವು ಬೀಜದಂತೆ ಗಟ್ಟಿ ಕವಚ ಕಟ್ಟಿಕೊಂಡಿರುವುದರಿಂದ ಬಿಸಿಲನ್ನು ತಡೆದಾವು. ಲ್ಯಾಕ್ಟೋಬ್ಯಾಸಿಲಸ್ ಬಹಳ ನಾಜೂಕು. ನಮ್ಮ ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ ಬಸ್ಸಿನ ಮೇಲೆ ಗಂಟು ಕಟ್ಟಿ ಒಯ್ದ ಪುಡಿಯಲ್ಲಿ ಜೀವ ಉಳಿದಿರುವುದೆಂದು ನಾನಂತೂ ನಂಬಲಾರೆ. ಹಾಲಿಗೆ ಬೆರೆಸುವಾಗ ಹಾಲು ಮರಿಯ ಮೈಯಷ್ಟೇ, ಎಂದರೆ ಸುಮಾರು 39 ಡಿಗ್ರಿ ಬೆಚ್ಚಗಿರಬೇಕು. ಮೊಸರಿಗೆ ಹೆಪ್ಪು ಹಾಕುವಾಗ ಬೆರಳದ್ದಿ ನೋಡುವ ಬಿಸಿಯೇ ಅದು.

"ಹಾಗಾದರೆ ಮನೆಯ ಮೊಸರನ್ನೇ ಕೊಟ್ಟರಾಗದೇ?" ಇದನ್ನು ಬರೆಯುವಾಗ ನಮ್ಮ ಮನೆಯಲ್ಲಿಯೇ ಬಂದ ಪ್ರಶ್ನೆ. ಬಾಟಲಿಯ ಮರಿಗೆ ತಾಜಾ ಮೊಸರನ್ನು ಒಂದು ಚಮಚ ಹಾಲಿನಲ್ಲಿ ಕದಡಿ ಕೊಟ್ಟರೆ ಕೇಡಿಲ್ಲ. ಹುಳಿಸಿದ ಹಾಲಿನಲ್ಲಿಯೇ ಮರಿಗಳನ್ನು ಬೆಳೆಸುವ ದೊಡ್ಡ ದೊಡ್ಡಿಗಳು ಹೊರದೇಶಗಳಲ್ಲಿವೆ. ಹುಳಿಹಾಲು ಬೇಗ ಕೆಡುವುದಿಲ್ಲ, ಮರಿಯೂ ಒಮ್ಮೆಗೇ ಹೆಚ್ಚು ಕುಡಿಯುವುದಿಲ್ಲ. ಆದರೆ ಮೊಸರಿನ ಜೀವಾಣುಗಳು ಹಾಲಿನಲ್ಲಿ ಬಾಳಲು ಬಂದವು, ಕರುಳಿನಲ್ಲಿ ಬಾಳಲು ಅಲ್ಲ. ಮೂರು ದಿನದ ಹುಳಿಮಜ್ಜಿಗೆಯನ್ನು ಭೇದಿಗೆ ಮದ್ದೆಂದು ಮರಿಯ ಗಂಟಲಿಗೆ ಸುರಿಯುವುದು ಬೇಡ. ಸುರಿಯುವುದೇ ಬೇಡ, ಏನನ್ನೂ. ಚೀಪಿದರೆ ಮಾತ್ರ ಆ ಮಡಿಕೆ ಮುಚ್ಚಿಕೊಂಡು ಹಾಲು ತನ್ನ ಕೋಣೆಗೆ ಹೋಗುತ್ತದೆ. ಸುರಿದದ್ದು ಖಾಲಿ ದೊಡ್ಡಹೊಟ್ಟೆಗೆ ಬಿದ್ದು ಕೊಳೆಯುತ್ತದೆ, ಇಲ್ಲವೆ ಶ್ವಾಸಕ್ಕೆ ಹೋಗುತ್ತದೆ.

ನಗರದವರಿಗೂ ಒಂದು ಮಾತು. ಬಕ್ರೀದ್ ಹತ್ತಿರ ಬಂದಾಗ ನಮ್ಮ ಗಲ್ಲಿಗಳಲ್ಲಿ ಕಂಬಕ್ಕೊಂದು ಹೋತ ಕಟ್ಟಿರುತ್ತಾರೆ. ಓಣಿಯ ಮಕ್ಕಳು, ನಮ್ಮ ಮಕ್ಕಳೂ ಸೇರಿ, ಪ್ರೀತಿಯಿಂದ ಅನ್ನ, ರೊಟ್ಟಿ, ಬಿಸ್ಕತ್ತು ತಂದು ಹಾಕುತ್ತಾರೆ. ರೂಢಿಯಿಲ್ಲದ ಅನ್ನ ಒಮ್ಮೆಲೇ ಹೊಟ್ಟೆಗೆ ಬಿದ್ದರೆ ದೊಡ್ಡಹೊಟ್ಟೆ ಹುಳಿಯಾಗಿ ಉಬ್ಬಿ ಪ್ರಾಣಿ ಸತ್ತೇಹೋಗಬಹುದು. ಸೊಪ್ಪು ಹಾಕಲು ಮಕ್ಕಳಿಗೆ ಹೇಳಿಕೊಡಿ. ಬೇವಿನ ಟೊಂಗೆ ಎಲ್ಲಿಯಾದರೂ ಸಿಗುತ್ತದೆ.

ಆ ಸೋದರಿ ಕಳೆದ ವಾರ ಬೀದರಿನ ಬಸ್ಸು ಹತ್ತಿದರು. ಚೀಲದಲ್ಲಿ ಕಿಲೋ ಪುಡಿಯ ಬದಲು ಎರಡು ಹಾಲಿನ ಬಾಟಲಿ, ನಾಲ್ಕು ರಬ್ಬರಿನ ಮೊಲೆತೊಟ್ಟು, ಒಂದು ಜ್ವರ ನೋಡುವ ಕಡ್ಡಿ, ಹತ್ತು ಓ.ಆರ್.ಎಸ್. ಪೊಟ್ಟಣ, ತಾಯಿ ಒಲ್ಲದ ಒಂದು ಮರಿಗಾಗಿ ಆ ನೂರು ಗ್ರಾಮಿನ ಪುಡಿ, ಅದೂ ಟಿಫಿನ್ ಡಬ್ಬಿಯಲ್ಲಿ ತಣ್ಣನೆಯ ಬಟ್ಟೆ ಸುತ್ತಿ. ತಮ್ಮನಿಗೆ ನಾನು ಹೇಳಿ ಕಳಿಸಿದ್ದು ಇಷ್ಟು: ಈಯುವ ಆಡಿನ ಬಳಿ ರಾತ್ರಿ ಒಬ್ಬರು ಮಲಗಬೇಕು, ಅವಳಿಯಲ್ಲಿ ಸಣ್ಣದಕ್ಕೆ ಮೊದಲು ಮೊಲೆ ಕೊಡಿಸಬೇಕು, ದೊಡ್ಡಿಯ ನೆಲಕ್ಕೆ ಎರಡು ಬಂಡಿ ಮೊರಮು ಹೊಡೆಸಿ ಎತ್ತರಿಸಬೇಕು, ಗಬ್ಬದ ಆಡುಗಳಿಗೆ ಈಯುವ ಮೊದಲೇ ಕರುಳುಬೇನೆಯ ಲಸಿಕೆ ಹಾಕಿಸಬೇಕು, ಹಾಕಿಸಿದರೆ ಅದರ ಬಲವೂ ಗಿಣ್ಣದ ಹಾಲಿನೊಡನೆ ಮರಿಗೆ ಇಳಿಯುತ್ತದೆ.

ನಿನ್ನೆ ರಾತ್ರಿ ಫೋನು ಬಂದಿತ್ತು. ಮತ್ತೊಂದು ಆಡು ಈದಿದೆ, ಈ ಸಲವೂ ಅವಳಿ. ಅಕ್ಕ ಕಂದೀಲು ಹಿಡಿದು ಕೂತಿದ್ದರಂತೆ, ಎರಡೂ ಕುಡಿದವಂತೆ.